ಆರು ಅಡಿ ದೂರದ ವಯೊಲೆಟ್

ಕಾಡು ವಯೊಲೆಟ್ ಹೂವಿನ ವಾಸನೆಗೆ ಒಂದು ಕೆಟ್ಟ ಅಭ್ಯಾಸವಿದೆ. ಒಮ್ಮೆ ಮೂಗಿನ ಹತ್ತಿರ ಬಂದು ಮುಖ ತೋರಿಸುತ್ತದೆ. ಇನ್ನೊಮ್ಮೆ ಎಳೆದುಕೊಳ್ಳೋಣ ಎಂದು ಬಾಗಿದರೆ ಮಾಯ. ಹೂವು ಅಲ್ಲೇ ಇರುತ್ತದೆ, ನಾವೂ ಅಲ್ಲೇ ಇರುತ್ತೇವೆ, ವಾಸನೆ ಮಾತ್ರ ಏನೋ ತುರ್ತು ಕೆಲಸವಿದ್ದವರಂತೆ ಎದ್ದು ಹೋಗಿರುತ್ತದೆ. ಸ್ವಲ್ಪ ಹೊತ್ತು ಬಿಟ್ಟು, ನಾವು ಬೇರೇನೋ ಯೋಚಿಸುತ್ತಿರುವಾಗ, ತಾನಾಗಿ ಮತ್ತೆ ಬರುತ್ತದೆ.

ಉಲ್ಲೇಖಣ್ಣನಿಗೆ ಈ ವಾಸನೆ ಮೊದಲು ಸಿಕ್ಕಿದ್ದು ಎಂಟನೆಯ ವಯಸ್ಸಿನಲ್ಲಿ, ಶಾಲೆಯ ಹಿಂದೆ ಸೋರುತ್ತಿದ್ದ ನೀರಿನ ತೊಟ್ಟಿಯ ನೆರಳಿನಲ್ಲಿ. ಒದ್ದೆ ಮಣ್ಣಿನ ಮೇಲೆ ಯಾರೋ ಸಕ್ಕರೆ ಡಬ್ಬಿ ತೆರೆದಿಟ್ಟು, ಪಕ್ಕದಲ್ಲಿ ಕೂತು ಪೆನ್ಸಿಲು ಕೆತ್ತುತ್ತಿದ್ದಾರೇನೋ ಎನ್ನುವಂಥ ವಾಸನೆ. ಹುಡುಗ ಓಡಿಹೋಗಿ ಮೇಷ್ಟರನ್ನು ಕರೆತಂದ. ಮೇಷ್ಟರು ಕನ್ನಡಕ ಸರಿಮಾಡಿಕೊಂಡು ಬಾಗಿದರು, ಮೂಸಿದರು, ಮತ್ತೊಮ್ಮೆ ಮೂಸಿದರು. ಏನೂ ಇಲ್ಲ. ಸುಳ್ಳು ಹೇಳಿದ್ದಕ್ಕೆ ಹುಡುಗನ ಕಿವಿ ಹಿಂಡಿ ಹೋದರು. ಅಂದೇ ಅವನಿಗೆ ಒಂದು ಸಂಗತಿ ಮನದಟ್ಟಾಯಿತು: ಬಾಯಲ್ಲಿ ಹೇಳಿದ್ದನ್ನು ಜನ ನಂಬುವುದಿಲ್ಲ. ಬರೆದು ಕೊಟ್ಟರೆ ನಂಬಿದರೂ ನಂಬಬಹುದು.

ಹೀಗಾಗಿ ದೊಡ್ಡವನಾದ ಮೇಲೆ ಅವನು ಪಟ್ಟಣದ ಆಡಳಿತ ಕಚೇರಿಯ ಟಪಾಲು ವಿಭಾಗ ಸೇರಿದ್ದು ಯಾರಿಗೂ ಆಶ್ಚರ್ಯವಾಗಲಿಲ್ಲ. ಬಂದ ಕಾಗದ ಒಂದು ಪುಸ್ತಕದಲ್ಲಿ, ಹೋದ ಕಾಗದ ಇನ್ನೊಂದು ಪುಸ್ತಕದಲ್ಲಿ. ಇಪ್ಪತ್ತೆರಡು ವರ್ಷ ಅದೇ ಕೆಲಸ ಮಾಡಿ, ಮೇಲೆ ‘ವಿಷಯ’, ಅದರ ಕೆಳಗೆ ‘ಉಲ್ಲೇಖ’ ಇಲ್ಲದೆ ಒಂದು ಸಾಲು ಬರೆಯುವುದೂ ಅವನ ಕೈಲಾಗದಂತಾಗಿತ್ತು. ಹಾಲಿನವನಿಗೆ ಬಾಗಿಲಿಗೆ ಅಂಟಿಸುತ್ತಿದ್ದ ಚೀಟಿಯಲ್ಲಿ ಹೀಗಿರುತ್ತಿತ್ತು: ‘ವಿಷಯ: ನಾಳೆ ಹಾಲು ಬೇಡವಾಗಿರುವ ಬಗ್ಗೆ. ಉಲ್ಲೇಖ: ತಮ್ಮೊಂದಿಗೆ ನಿನ್ನೆ ಗೇಟಿನ ಬಳಿ ನಡೆದ ಮಾತುಕತೆ.’ ಮದುವೆಯಾದ ಹೊಸದರಲ್ಲಿ ಹೆಂಡತಿಗೆ ಬರೆದ ಮೊದಲ ಕಾಗದವೂ ‘ವಿಷಯ: ತಮ್ಮ ನೆನಪಾಗುತ್ತಿರುವ ಬಗ್ಗೆ’ ಎಂದೇ ಶುರುವಾಗಿತ್ತು. ಆಕೆ ಅದನ್ನು ಇನ್ನೂ ಜೋಪಾನವಾಗಿ ಇಟ್ಟುಕೊಂಡಿದ್ದಾಳೆ, ಅವನ ಮೇಲೆ ಸಿಟ್ಟು ಬಂದಾಗ ತೆಗೆದು ಓದಿ ನಗುವುದಕ್ಕೆ. ಉಲ್ಲೇಖಣ್ಣ ಎಂಬ ಹೆಸರು ಹೇಗೆ ಬಂತೆಂದು ಬೇರೆ ಹೇಳಬೇಕಾಗಿಲ್ಲ.

ಆ ತಿಂಗಳ ಮೊದಲ ವಾರ ಅವನು ಒಂದು ಕಾಗದ ತಲುಪಿಸಲು ಊರಾಚೆಯ ಕೆರೆದಂಡೆಗೆ ಹೋಗಿದ್ದ. ಅಲ್ಲಿ ರಸ್ತೆ ಅಗಲ ಮಾಡುವ ಕೆಲಸ. ಮಣ್ಣು ಅಗೆಯುವ ಯಂತ್ರ ಗುಡುಗುತ್ತ ಬರುತ್ತಿತ್ತು. ಆ ಹೊಗೆ, ಎಣ್ಣೆ, ಧೂಳಿನ ನಡುವೆ ನಲವತ್ತು ವರ್ಷದ ಹಿಂದಿನ ಸಕ್ಕರೆ ಡಬ್ಬಿ ಒಂದು ಕ್ಷಣ ತೆರೆದು ಮುಚ್ಚಿತು. ಉಲ್ಲೇಖಣ್ಣ ನಿಂತಲ್ಲೇ ನಿಂತ. ಯಂತ್ರದ ಹಲ್ಲಿಗೆ ಎರಡೇ ಮಾರು ದೂರದಲ್ಲಿ, ಒಂದು ಬೇಲಿಯ ಬುಡದಲ್ಲಿ, ಹೃದಯದ ಆಕಾರದ ಎಲೆ, ನಾಚಿಕೊಂಡವರಂತೆ ಕತ್ತು ಬಗ್ಗಿಸಿದ ಮೂರು ನೇರಳೆ ಹೂವು. ಯಂತ್ರದ ಚಾಲಕ ಕೂಗಿಕೊಳ್ಳುತ್ತಿದ್ದರೂ ಇವನು ಮಂಡಿಯೂರಿ, ಬರಿಗೈಯಲ್ಲಿ ಬೇರಿನ ಸಮೇತ ಮಣ್ಣೆತ್ತಿ, ಕಂದುಬಣ್ಣದ ದೊಡ್ಡ ಲಕೋಟೆಯೊಳಗೆ ಇಳಿಸಿದ. ಆ ಅವಸರದಲ್ಲೂ ಲಕೋಟೆಯ ಮೇಲೆ ‘ತುರ್ತು’ ಎಂದು ಬರೆಯುವುದನ್ನು ಮರೆಯಲಿಲ್ಲ.

ಮನೆಯ ಮುಂಬಾಗಿಲ ಮೆಟ್ಟಿಲ ಪಕ್ಕ, ಬಿಸಿಲು ಬೆಳಿಗ್ಗೆ ಮಾತ್ರ ಇಣುಕಿ ಹೋಗುವ ಒಂದು ಮೂಲೆಯಿತ್ತು. ಅಲ್ಲಿ ಮಣ್ಣು ಸಡಿಲಿಸಿ, ಕೊಳೆತ ಎಲೆ ಬೆರೆಸಿ, ಗಿಡ ನೆಟ್ಟ. ಹೆಂಡತಿ ಅಕ್ಕಿ ತೊಳೆದ ನೀರು ತಂದು ಹುಯ್ದಳು. “ಇಷ್ಟುದ್ದ ಇದೆ, ಇದಕ್ಕೆ ಇಷ್ಟೊಂದು ಉಪಚಾರ. ನನಗೆ ಜ್ವರ ಬಂದಾಗ ಹಿಂಗೆ ನೋಡ್ಕೊಂಡಿದ್ರಾ?” ಎಂದಳು. ಆದರೆ ಮಾರನೆಯ ದಿನ ಅವನು ಏಳುವ ಮೊದಲೇ ಗಿಡದ ಮೇಲೆ ಒಂದು ಹಳೆ ಬುಟ್ಟಿ ಕವುಚಿಟ್ಟಿತ್ತು, ಬೆಕ್ಕು ಕೆದಕದ ಹಾಗೆ.

ತೊಂದರೆ ಬಂದದ್ದು ಪಕ್ಕದ ಮನೆಯಿಂದ. ಪಕ್ಕದ ಮನೆಯವರಿಗೆ ಬೀದಿಯಲ್ಲೆಲ್ಲ ‘ಬಹುಮಾನದವರು’ ಎಂದೇ ಹೆಸರು. ಹನ್ನೊಂದು ವರ್ಷದ ಹಿಂದೆ ಪುಷ್ಪ ಪ್ರದರ್ಶನದಲ್ಲಿ ಅವರ ಗುಲಾಬಿಗೆ ಮೂರನೆಯ ಬಹುಮಾನ ಬಂದಿತ್ತು. ಮೊದಲ ಎರಡು ಬಹುಮಾನ ಬಂದವರು ಅದನ್ನು ಆಗಲೇ ಮರೆತಿದ್ದರು. ಇವರು ಮರೆತಿರಲಿಲ್ಲ. ತಮ್ಮ ತೋಟದಲ್ಲಿ ಒಂದು ಕಳೆಯನ್ನೂ ಇರಗೊಡದ ಮನುಷ್ಯ, ಈಚೀಚೆಗೆ ಕೆಲಸ ಸಾಲದೆ ಬೇರೆಯವರ ತೋಟದ ಕಳೆಗೂ ಕೈ ಹಾಕತೊಡಗಿದ್ದರು.

ಬೇಲಿಯ ಮೇಲಿಂದ ಕತ್ತು ಚಾಚಿ ಅವರೆಂದರು, “ಅಯ್ಯೋ, ನಿಮ್ಮ ಮೆಟ್ಟಿಲ ಹತ್ರ ಏನೋ ಕಳೆ ಎದ್ದಿದೆಯಲ್ರೀ.”

“ಅದು... ಅದು ಕಳೆ ಅಲ್ಲ. ಕಾಡು ವಯೊಲೆಟ್. ಇಲ್ಲೇ ಹುಟ್ಟಿ ಬೆಳೆದ ಜಾತಿ.”

“ಕಾಡು ಅಂತ ನೀವೇ ಹೇಳ್ತಿದ್ದೀರಲ್ಲ. ನಿಮಗ್ಯಾಕೆ ತೊಂದರೆ, ಭಾನುವಾರ ನಾನೇ ಬಂದು ಕಿತ್ತು ಕೊಡ್ತೀನಿ. ನಮ್ಮದು ನಿಮ್ಮದು ಅಂತ ಭೇದ ಮಾಡೋನಲ್ಲ ನಾನು.”

ಬೇಡ ಎಂದು ಎದುರಿಗೆ ಹೇಳಬೇಕಿತ್ತು. ಉಲ್ಲೇಖಣ್ಣ ಬಾಯಿ ತೆರೆದ. ಒಳಗಿಂದ ಬಂದದ್ದು, “ತುಂಬಾ ಉಪಕಾರವಾಯ್ತು” ಎಂಬ ಮಾತು.

ಎದುರಿಗೆ ಆಗದ್ದು ಬರವಣಿಗೆಯಲ್ಲಿ ಆಗುತ್ತದೆ. ಶನಿವಾರ ಮಧ್ಯಾಹ್ನ ಅವನು ಊಟದ ಮೇಜಿನ ಮೇಲೆ ಒಂದು ಹಲಗೆ ಇಟ್ಟುಕೊಂಡು, ಕಪ್ಪು ಬಣ್ಣದಲ್ಲಿ, ತನ್ನ ಅತ್ಯುತ್ತಮ ಅಕ್ಷರದಲ್ಲಿ ಬರೆದ:

‘ವಿಷಯ: ಕಾಡು ವಯೊಲೆಟ್ ಗಿಡದ ರಕ್ಷಣೆಯ ಬಗ್ಗೆ.
ಉಲ್ಲೇಖ: ಕಡತ ಸಂಖ್ಯೆ ತೋ/ಹೂ/17.
ಮೇಲ್ಕಂಡ ಗಿಡದ ಸುತ್ತ ಆರು ಅಡಿಯೊಳಗೆ ಯಾರೂ ಕಾಲಿಡತಕ್ಕದ್ದಲ್ಲ.
ಆದೇಶದ ಮೇರೆಗೆ.’

ಆರು ಅಡಿ ಏಕೆಂದರೆ, ಬಹುಮಾನದವರ ಕಳೆ ಕೀಳುವ ಸಲಾಕೆ ಐದೂವರೆ ಅಡಿ ಇತ್ತು. ಹದಿನೇಳು ಏಕೆಂದರೆ ಅದು ಅವನ ಮನೆಯ ನಂಬರು. ಉಲ್ಲೇಖದ ಜಾಗ ಖಾಲಿ ಬಿಡಲು ಕೈ ಬರಲಿಲ್ಲ, ಅಷ್ಟೆ.

“ಆದೇಶ ಅಂದ್ರೆ ಯಾರದ್ರೀ?” ಎಂದು ಹೆಂಡತಿ ಕೇಳಿದಳು.

“ಯಾರದು ಅಂತ ಹಾಕೋ ಪದ್ಧತಿ ಇಲ್ಲ.”

ಭಾನುವಾರ ಬಹುಮಾನದವರು ಸಲಾಕೆ ಹೆಗಲಿಗೇರಿಸಿ ಬಂದರು, ಹಲಗೆ ಓದಿದರು, ಸಲಾಕೆ ಇಳಿಸಿದರು, ಚಪ್ಪಲಿ ಬಿಟ್ಟು ಎರಡು ಹೆಜ್ಜೆ ಹಿಂದೆ ಸರಿದು ನಿಂತರು. ಉಲ್ಲೇಖಣ್ಣ ಕಿಟಕಿಯ ಪರದೆಯ ಸಂದಿಯಿಂದ ನೋಡಿ ತನ್ನ ಬೆನ್ನು ತಾನೇ ತಟ್ಟಿಕೊಂಡ. ಜೀವಮಾನದಲ್ಲಿ ಅವನಿಗೆ ಸಿಕ್ಕ ಮೊದಲ ಗೆಲುವು ಅದು. ಪೂರ್ತಿ ಹದಿನಾರು ಗಂಟೆ ಬಾಳಿತು.

ಸೋಮವಾರ ಬೆಳಿಗ್ಗೆ ಕಚೇರಿಯ ಮೇಲ್ವಿಚಾರಕರು ವೈದ್ಯರ ಸಲಹೆಯಂತೆ ನಡೆಯುತ್ತ ಆ ಬೀದಿಗೆ ಬಂದರು. ಅವರು ನಡಿಗೆಯಲ್ಲೂ ಹೆಜ್ಜೆ ಎಣಿಸುವವರು. ಎರಡು ಸಾವಿರದ ನಾಲ್ಕನೆಯ ಹೆಜ್ಜೆಯಲ್ಲಿ ಹಲಗೆ ಕಣ್ಣಿಗೆ ಬಿತ್ತು. ಬರೆದ ರೀತಿ ಕಚೇರಿಯದು, ಸಂಖ್ಯೆ ಹಾಕಿದ ರೀತಿ ಕಚೇರಿಯದು, ಕೊನೆಗೆ ಅಕ್ಷರವೂ ಇಪ್ಪತ್ತೆರಡು ವರ್ಷದಿಂದ ಕಚೇರಿಯ ಎಲ್ಲ ಪ್ರಕಟಣೆಗಳಲ್ಲಿ ನೋಡಿದ್ದೇ. ಮೆಟ್ಟಿಲ ಮೇಲೆ ಉಲ್ಲೇಖಣ್ಣ ಹಲ್ಲುಜ್ಜುತ್ತ ನಿಂತಿದ್ದ.

“ಇದು ನಮ್ಮ ಕಡತ ಅಲ್ವೇನ್ರೀ?”

ಬಾಯ ತುಂಬ ನೊರೆ. ತಲೆ ಒಮ್ಮೆ ಮೇಲೆ ಕೆಳಗೆ ಹೋಯಿತು, ಒಮ್ಮೆ ಅಡ್ಡಡ್ಡ ಹೋಯಿತು. ಮೇಲ್ವಿಚಾರಕರು ಅದರಲ್ಲಿ ತಮಗೆ ಬೇಕಾದ್ದನ್ನು ಆರಿಸಿಕೊಂಡು ಹೊರಟರು.

ಹತ್ತೂವರೆಗೆ ಕಚೇರಿಯಲ್ಲಿ ಗುಲ್ಲೋ ಗುಲ್ಲು. ತೋ/ಹೂ/17 ಎಲ್ಲಿ? ಈ ತಿಂಗಳ ಕೊನೆಯ ದಿನ ಮೇಲಿನಿಂದ ತಪಾಸಣೆಗೆ ದೊಡ್ಡ ಮೇಡಂ ಬರುವವರಿದ್ದರು. ಬೀದಿಯಲ್ಲಿ ಹಲಗೆ ನಿಂತಿದೆ, ಹಲಗೆಯ ಕಡತ ಕಚೇರಿಯಲ್ಲಿ ಇಲ್ಲ ಎಂದರೆ ಮಾನ ಹರಾಜು. ಕಡತ ಇಲ್ಲ ಎಂದರೆ ಕಳೆದಿದೆ ಎಂದರ್ಥ. ಕಳೆದಿದೆ ಎಂದರೆ ಕಳೆದವರು ಯಾರೋ ಇರಬೇಕು.

ದಾಖಲೆ ಕೋಣೆ ನೋಡಿಕೊಳ್ಳುತ್ತಿದ್ದವರು ದಾಖಲೆ ಅಕ್ಕ. ಸಣಕಲು ದೇಹ, ಮೂಗಿನ ತುದಿಯಲ್ಲಿ ಕನ್ನಡಕ, ಮೂವತ್ಮೂರು ವರ್ಷದ ಸೇವೆ. ಈವರೆಗೆ ಒಂದು ಚೂರು ಕಾಗದ ಕಳೆದವರಲ್ಲ. ತಪಾಸಣೆಯ ದಿನವೇ ಅವರ ಕೆಲಸದ ಕೊನೆಯ ದಿನ. ಅಂದು ಸಂಜೆ ಐದರ ರೈಲಿಗೆ ತಂಗಿಯ ಊರಿಗೆ ಟಿಕೆಟ್ ತೆಗೆದಿಟ್ಟಿದ್ದರು. ಒಂದೇ ಒಂದು ಕಾಗದ ಬಾಕಿ: ‘ಎಲ್ಲ ಕಡತಗಳೂ ಸರಿಯಾಗಿವೆ’ ಎಂಬ ಸಾಹೇಬರ ಸಹಿ. ಅದಿಲ್ಲದೆ ನಿವೃತ್ತಿಯಿಲ್ಲ.

ಸಾಹೇಬರು ಕೆಟ್ಟವರೇನಲ್ಲ. ಆದರೆ ಸಹಿ ಹಾಕಬೇಕೆಂದರೆ ಅವರ ಪೆನ್ನು ಗಾಳಿಯಲ್ಲೇ ನಡುಗುತ್ತಿತ್ತು. “ಆ ಹೂವಿನ ಕಡತ ಒಂದು ಸಿಗಲಮ್ಮ. ಸಿಕ್ಕ ಗಳಿಗೆಯಲ್ಲಿ ಸಹಿ ಹಾಕ್ತೀನಿ” ಎಂದರು.

“ಅಂಥ ಕಡತ ನಾನು ನೋಡಿದ ನೆನಪೇ ಇಲ್ಲ ಸರ್.”

“ನೆನಪಿಲ್ಲ ಅಂತ ಬರೆಯೋಕಾಗುತ್ತಾ ತಾಯಿ? ಹುಡುಕಿ.”

ದಾಖಲೆ ಅಕ್ಕ ಏಣಿ ಹತ್ತಿದರು. ಮೇಲಿನ ಅಟ್ಟದಿಂದ ಶುರು. ಏಣಿಯ ಒಂದು ಕಾಲು ಗಿಡ್ಡ, ಯಾರಾದರೂ ಹಿಡಿದುಕೊಳ್ಳಬೇಕು. ಯಾರು ಹಿಡಿದುಕೊಂಡರೆಂದರೆ, ಉಲ್ಲೇಖಣ್ಣ.

ಅವನ ಪಾಡು ಹೇಳತೀರದು. ಇಲ್ಲದ ಕಡತವನ್ನು ಮೇಲೊಬ್ಬರು ಹುಡುಕುವುದು, ಇಲ್ಲವೆಂದು ಗೊತ್ತಿರುವವನು ಕೆಳಗೆ ಏಣಿ ಹಿಡಿಯುವುದು. ಧೂಳು ಅವನ ತಲೆಯ ಮೇಲೇ ಬೀಳುತ್ತಿತ್ತು, ಅದೊಂದು ಸಮಾಧಾನ. ದಿನಕ್ಕೆ ಹತ್ತು ಸಲವಾದರೂ ಬಾಯಿ ತೆರೆದ.

“ಅಕ್ಕಾ, ಒಂದು ಮಾತು...”

“ಹೇಳಿ.”

“ನೀರು ಕುಡೀತೀರಾ?”

ಹೀಗೆ ದಾಖಲೆ ಅಕ್ಕ ದಿನಕ್ಕೆ ಹತ್ತು ಲೋಟ ನೀರು ಕುಡಿಯಬೇಕಾಯಿತು.

ನಾಲ್ಕನೆಯ ದಿನ ಅವನು ಮನೆಯಲ್ಲಿ ಕೂತು, ಇದ್ದದ್ದನ್ನೆಲ್ಲ ಬರೆದು ತಪ್ಪೊಪ್ಪಿಗೆಯ ಪತ್ರ ಸಿದ್ಧಮಾಡಿದ. ಒಂದಿಷ್ಟೂ ಮುಚ್ಚಿಡಲಿಲ್ಲ. ಕೆಲಸ ಹೋದರೂ ಹೋಗಲಿ ಎಂದು ಗಟ್ಟಿ ಮನಸ್ಸು ಮಾಡಿದ್ದ. ಆದರೆ ಕೈ ಕೇಳಬೇಕಲ್ಲ. ಪತ್ರದ ನೆತ್ತಿಯ ಮೇಲೆ ತಾನಾಗಿ ಬರೆಯಿತು: ‘ವಿಷಯ: ಕಾಡು ವಯೊಲೆಟ್ ಗಿಡದ ಬಗ್ಗೆ. ಉಲ್ಲೇಖ: ತೋ/ಹೂ/17.’

ಆ ಕಚೇರಿಯ ಪದ್ಧತಿ ಗೊತ್ತಿರುವವರಿಗೆ ಮುಂದೇನಾಯಿತೆಂದು ಹೇಳಬೇಕಾಗಿಲ್ಲ, ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ಕಾಗದ ಬಂದರೆ ಅಲ್ಲಿ ವಿಷಯ ಓದಬೇಕು, ಉಲ್ಲೇಖ ಓದಬೇಕು, ಉಲ್ಲೇಖದ ಕಡತಕ್ಕೆ ಹೊಲಿದುಬಿಡಬೇಕು. ಅದರ ಕೆಳಗಿನದನ್ನು ಓದುವ ವಾಡಿಕೆ ಇರಲಿಲ್ಲ. ಓದಿದರೆ ಉತ್ತರ ಬರೆಯಬೇಕಾಗಬಹುದೆಂಬ ಭಯ. ಮೇಲ್ವಿಚಾರಕರು ಪತ್ರ ಹಿಡಿದು ಸಾಹೇಬರ ಕೋಣೆಗೆ ಹೆಚ್ಚುಕಡಿಮೆ ಕುಣಿಯುತ್ತ ಹೋದರು.

“ಸರ್, ಪತ್ರವ್ಯವಹಾರ ಸಿಕ್ತು. ಇದಕ್ಕೆ ಉಲ್ಲೇಖ ಇದೆ. ಉಲ್ಲೇಖ ಇದೆ ಅಂದ್ಮೇಲೆ ಕಡತ ಇದ್ದೇ ಇದೆ.”

“ನೋಡಿದ್ರಾ, ನಾನು ಹೇಳ್ಲಿಲ್ವಾ” ಎಂದರು ಸಾಹೇಬರು, ಏನೂ ಹೇಳಿರದಿದ್ದರೂ.

ಮೂಲ ಕಡತ ಸಿಗುವವರೆಗೆ ಎಂದು ಒಂದು ತಾತ್ಕಾಲಿಕ ಕಡತ ತೆರೆದರು. ಅದರ ಮೊದಲ ಪುಟ, ‘ಇಂಥ ಕಡತವೇ ಇಲ್ಲ’ ಎಂದು ಉಲ್ಲೇಖಣ್ಣ ಬರೆದಿದ್ದ ಪತ್ರ. ಸಾಹೇಬರು ಅದರ ಕೆಳಗೆ ‘ನೋಡಿದೆ’ ಎಂದು ಸಹಿ ಮಾಡಿದರು. ಇದರಿಂದ ದಾಖಲೆ ಅಕ್ಕನಿಗೆ ಆದ ಉಪಕಾರವೆಂದರೆ, ಅದುವರೆಗೆ ಕಳೆದಿರಬಹುದಾಗಿದ್ದ ಕಡತ ಈಗ ಖಂಡಿತವಾಗಿ ಕಳೆದಂತಾಯಿತು. ಅವರು ಹೊಸ ಕಡತಕ್ಕೆ ದಾರ ಕಟ್ಟಿ ಕಪಾಟಿನಲ್ಲಿಟ್ಟು, ಮತ್ತೆ ಏಣಿ ಹತ್ತಿದರು.

ಕಡತ ತೆರೆದ ಮೇಲೆ ಕ್ರಮ ಕೈಗೊಳ್ಳಬೇಕು. ಮೇಲ್ವಿಚಾರಕರು ಇಬ್ಬರು ಕೆಲಸಗಾರರು, ಒಂದು ಅಳತೆ ಪಟ್ಟಿ, ಒಂದು ಬಕೆಟ್ ಸುಣ್ಣದೊಂದಿಗೆ ಹದಿನೇಳನೆಯ ನಂಬರಿನ ಮನೆಗೆ ಬಂದು, ಗಿಡವನ್ನು ಕೇಂದ್ರವಾಗಿಟ್ಟುಕೊಂಡು ಸುತ್ತ ಆರು ಅಡಿಗೆ ಗೆರೆ ಎಳೆಸಿದರು. ಗೆರೆ ಕಾಲುದಾರಿಯ ಅರ್ಧ ನುಂಗಿತು. ಬೇಲಿ ದಾಟಿ ಬಹುಮಾನದವರ ಎರಡು ಗುಲಾಬಿ ಗಿಡ ನುಂಗಿತು. ಮೆಟ್ಟಿಲು ಹತ್ತಿ, ಹೊಸ್ತಿಲು ದಾಟಿ, ಮನೆಯ ಹಜಾರದೊಳಕ್ಕೇ ಬಂತು. ಉಲ್ಲೇಖಣ್ಣನ ಆರಾಮ ಕುರ್ಚಿಯ ಮುಂದಿನ ಎರಡು ಕಾಲು ನಿಷೇಧಿತ ಪ್ರದೇಶದಲ್ಲಿ ಉಳಿದವು, ಹಿಂದಿನ ಎರಡು ಕಾಲು ಮನೆಯಲ್ಲಿ.

“ಮನೆಯವರಿಗೂ ಅನ್ವಯಿಸುತ್ತಾ?” ಎಂದು ಹೆಂಡತಿ ಕೇಳಿದಳು.

“‘ಯಾರೂ’ ಅಂತಿದೆ ತಾಯಿ. ಯಾರೂ ಅಂದ್ರೆ ಎಲ್ಲರೂ.” ಹೊರಡುವಾಗ ಮೇಲ್ವಿಚಾರಕರು ಗಿಡದ ಬದಿಯಲ್ಲಿ ಎದ್ದಿದ್ದ ಒಂದು ಮರಿಯನ್ನು ಬೇರು ಸಮೇತ ಬಿಡಿಸಿ, ಮಾದರಿ ಎಂದು ಕಡತಕ್ಕೆ ಲಗತ್ತಿಸಲು ತೆಗೆದುಕೊಂಡು ಹೋದರು.

ಅಂದಿನಿಂದ ಮುಂಬಾಗಿಲು ಬಂದ್. ಓಡಾಟವೆಲ್ಲ ಬಹುಮಾನದವರ ಅಂಗಳದ ಮೂಲಕ, ಹಿಂದಿನ ಗೋಡೆ ಹತ್ತಿ, ಅಡಿಗೆಮನೆಯ ಕಿಟಕಿಯಿಂದ. ಏಕೆಂದರೆ ಹಿಂಬಾಗಿಲಿನ ಬೀಗ ಮೂರು ವರ್ಷದಿಂದ ಕೆಟ್ಟಿತ್ತು, ಮತ್ತು ಅದರ ದುರಸ್ತಿಯ ಬಗ್ಗೆ ಉಲ್ಲೇಖಣ್ಣ ಬೀಗದವನಿಗೆ ಈಗಾಗಲೇ ನಾಲ್ಕು ಪತ್ರ ಬರೆದಿದ್ದ.

ಇಂಥ ಸಮಯದಲ್ಲೇ ಅವನ ಅತ್ತೆ ಹೇಳದೆ ಕೇಳದೆ, ಒಂದು ಟ್ರಂಕಿನೊಂದಿಗೆ ಬಂದಿಳಿಯಬೇಕೇ? ಗೇಟಿನಲ್ಲಿ ನಿಂತು ಹಲಗೆ ಓದಿದರು. ಕಿಟಕಿಯಲ್ಲಿ ಅಳಿಯನ ಮುಖ ಕಂಡಿತು.

“ಅತ್ತೆ, ದಯವಿಟ್ಟು ಮೆಟ್ಟಿಲಿಗೆ ಕಾಲಿಡಬೇಡಿ.”

ಅತ್ತೆ ಮಗಳನ್ನು ಕೂಗಿ ಹೇಳಿದರು, “ಕೇಳಿದ್ಯೇನೇ? ನನ್ನನ್ನ ಒಳಗೆ ಬಿಡದೆ ಇರೋಕೆ ಇಪ್ಪತ್ತು ವರ್ಷದಿಂದ ಏನಾದ್ರೂ ದಾರಿ ಸಿಗುತ್ತಾ ಅಂತ ಹುಡುಕ್ತಿದ್ದ ನಿನ್ನ ಗಂಡ. ಪಾಪ, ಇವತ್ತು ಸಿಕ್ತು.”

“ಅಮ್ಮಾ, ಅದು ಆದೇಶ. ಇವರು ಮಾಡಿದ್ದಲ್ಲ.” ಹೀಗೆಂದ ಕೂಡಲೇ ಹೆಂಡತಿಗೆ ಅದು ಸುಳ್ಳೆಂದು ನೆನಪಾಗಿ ಕೆಮ್ಮು ಬಂತು.

ಬಹುಮಾನದವರು ಒಂದು ಮಾತೂ ಆಡದೆ ಟ್ರಂಕು ತಲೆಯ ಮೇಲಿಟ್ಟುಕೊಂಡರು. ಗೋಡೆಗೆ ತಮ್ಮ ಮನೆಯ ಸ್ಟೂಲು ಹಾಕಿ, ಅದರ ಮೇಲೆ ಮೆತ್ತನೆಯ ದಿಂಬಿಟ್ಟು, ಅತ್ತೆಗೆ ಕೈ ಕೊಟ್ಟು ಹತ್ತಿಸಿದರು. ಗೋಡೆಯ ಮೇಲೆ ಕೂತ ಅತ್ತೆಗೆ ಸುತ್ತಲಿನ ಎಂಟು ಮನೆಗಳ ಹಿತ್ತಿಲು ಒಟ್ಟಿಗೆ ಕಂಡಿತು. ಎಷ್ಟು ಹಿಡಿಸಿತೆಂದರೆ, ಅರ್ಧ ಗಂಟೆ ಅಲ್ಲಿಂದ ಇಳಿಯಲಿಲ್ಲ. “ಇಂಥದ್ದೊಂದು ಜಾಗ ಇದೆ ಅಂತ ನನಗೆ ಯಾರೂ ಹೇಳೇ ಇರಲಿಲ್ಲ” ಎಂದರು. ಮಾರನೆಯ ದಿನದಿಂದ ಸಂಜೆ ಕಾಫಿ ಅಲ್ಲೇ.

ಬಹುಮಾನದವರಿಗೆ ತಮ್ಮ ಗುಲಾಬಿ ಮುಟ್ಟುವಂತಿರಲಿಲ್ಲ. ದೂರದಿಂದ ಪೈಪಿನಲ್ಲಿ ನೀರು ಬಿಡುತ್ತ ನಿಂತಿರುವಾಗ ಬೇರೇನು ನೋಡುವುದು? ವಯೊಲೆಟ್ ನೋಡುತ್ತಿದ್ದರು. ಒಂದು ಸಂಜೆ ಬೇಲಿಯಾಚೆಯಿಂದ ಮೆಲ್ಲಗೆ ಅಂದರು, “ಇವತ್ತು ಇನ್ನೆರಡು ಮೊಗ್ಗು ಬಿಟ್ಟಿದೆ. ನೀವು ನೋಡಿದ್ರೋ ಇಲ್ವೋ ಅಂತ ಹೇಳ್ದೆ.” ಗಿಡ ಉಳಿದಿತ್ತು. ಆದರೆ ಕಚೇರಿಯಲ್ಲಿ ಒಬ್ಬರು ಏಣಿಯ ಮೇಲಿದ್ದರು.

ಇತ್ತ ಮಾದರಿಯ ವಿಷಯ. ಮೇಲ್ವಿಚಾರಕರು ಆ ಮರಿಗಿಡವನ್ನು ಗುಂಡುಸೂಜಿಯಿಂದ ಕಡತಕ್ಕೆ ಚುಚ್ಚಲು ಹೇಳಿ ದಾಖಲೆ ಅಕ್ಕನ ಕೈಗೆ ಕೊಟ್ಟಿದ್ದರು. ಜೀವ ಇರುವುದನ್ನು ಸೂಜಿಯಿಂದ ಚುಚ್ಚುವುದು ಹೇಗೆ? ಅಕ್ಕ ಅದರ ಒಂದು ಎಲೆಯನ್ನಷ್ಟೇ ಚುಚ್ಚಿ, ಉಳಿದದ್ದನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹೋಗಿ, ಕಚೇರಿಯ ಮುಂಬಾಗಿಲ ಮೆಟ್ಟಿಲಿನ ಬಿರುಕಿನಲ್ಲಿ, ನಲ್ಲಿ ತೊಟ್ಟಿಕ್ಕುವ ಕಡೆ ಊರಿ ಬಂದರು. ಮೂವತ್ಮೂರು ವರ್ಷದಲ್ಲಿ ಅವರು ನಿಯಮ ಮೀರಿದ್ದು ಅದೊಂದೇ ಸಲ.

ಗಿಡ ಕಚ್ಚಿಕೊಂಡಿತು. ಅಷ್ಟೇ ಆಗಿದ್ದರೆ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ತಿಂಗಳ ಕೊನೆಯ ದಿನ, ತಪಾಸಣೆಯ ಬೆಳಿಗ್ಗೆ, ಅದು ಹೂವು ಬಿಟ್ಟಿತು.

ಒಂಬತ್ತು ಗಂಟೆಗೆ ಬಂದ ಮೇಲ್ವಿಚಾರಕರ ಕಾಲು ಮೆಟ್ಟಿಲಿನಿಂದ ಅರ್ಧ ಅಡಿ ಮೇಲೆ ಗಾಳಿಯಲ್ಲೇ ನಿಂತಿತು. ಅದೇ ಎಲೆ, ಅದೇ ಬಗ್ಗಿದ ಕತ್ತು. ಅವರು ಕರ್ತವ್ಯನಿಷ್ಠರು. ಕಚೇರಿ ತಮ್ಮದೆಂದು ಪಕ್ಷಪಾತ ಮಾಡುವವರಲ್ಲ. ಸುಣ್ಣದ ಬಕೆಟ್ ತರಿಸಿದರು.

ಒಂಬತ್ತೂವರೆಗೆ ಸಾಹೇಬರು ಬಂದಾಗ ಇಡೀ ಕಚೇರಿ ಬೀದಿಯಲ್ಲಿತ್ತು.

“ಏನ್ರೀ ಇದು?”

“ಆರು ಅಡಿ ಸರ್. ತಮ್ಮದೇ ಸಹಿ.”

“ಬೇರೆ ಬಾಗಿಲು?”

“ಬೇರೆ ಬಾಗಿಲು ಬೇಕು ಅಂತ ಎಂಟು ವರ್ಷದ ಹಿಂದೆ ಒಂದು ಪತ್ರ ಬಂದಿತ್ತು ಸರ್. ಕಡತಕ್ಕೆ ಹೊಲಿದಿದ್ದೀವಿ.”

ಹತ್ತು ಗಂಟೆಗೆ ಕಾರು ಬಂತು. ದೊಡ್ಡ ಮೇಡಂ ಇಳಿದರು. ಹೆಸರಿಗೆ ದೊಡ್ಡವರು, ಆಕಾರದಲ್ಲಿ ಗಿಡ್ಡ, ಕೈಯಲ್ಲೊಂದು ಛತ್ರಿ. ಕಾಗದವನ್ನು ಮೇಲಿನಿಂದ ಕೆಳಗಿನವರೆಗೆ ಪೂರ್ತಿ ಓದುತ್ತಾರೆಂಬ ಅಪಖ್ಯಾತಿ ಅವರಿಗಿತ್ತು. ಗೆರೆ ನೋಡಿದರು, ಸಾಹೇಬರನ್ನು ನೋಡಿದರು.

“ಒಳಗೆ ಹೋಗೋಕಾಗಲ್ಲ ಅಂದ್ರೆ ಆ ಕಡತ ಹೊರಗೆ ತನ್ನಿ.”

“ಕಡತ ಒಳಗಿದೆ ಮೇಡಂ.”

“ಒಳಗೆ ಯಾರೂ ಇಲ್ವಾ?”

ಇದ್ದರು. ಕೊನೆಯ ದಿನವೆಂದು ಎಂಟಕ್ಕೇ ಬಂದಿದ್ದ ದಾಖಲೆ ಅಕ್ಕ ಕಿಟಕಿಯ ಸರಳಿನ ಹಿಂದೆ ನಿಂತಿದ್ದರು, ಪಕ್ಕದಲ್ಲಿ ಊರಿಗೆ ಕಟ್ಟಿದ ಚೀಲ. ಒಳಗಿದ್ದವರು ಹೊರಗೆ ಬರುವಂತಿಲ್ಲ, ಹೊರಗಿದ್ದವರು ಒಳಗೆ ಹೋಗುವಂತಿಲ್ಲ. ಐದರ ರೈಲು ಯಾರ ಆದೇಶಕ್ಕೂ ಕಾಯುವುದಿಲ್ಲ. ಅವರು ಸರಳಿನ ಸಂದಿಯಿಂದ ಕಡತ ಚಾಚಿದರು. ಮೇಲ್ವಿಚಾರಕರು ಗೆರೆಯ ಹೊರಗೆ ನಿಂತು, ಬಳುಕಿ, ಬಾಗಿ, ಒಂಟಿಕಾಲಲ್ಲಿ ತೂಗಿ ಅದನ್ನು ಪಡೆದರು. ಬೀದಿಯ ಜನ ಚಪ್ಪಾಳೆ ತಟ್ಟಿತು. ಜನ ಎಂದರೆ ಸುದ್ದಿ ಕೇಳಿ ಓಡಿಬಂದಿದ್ದ ಬಹುಮಾನದವರು, ಉಲ್ಲೇಖಣ್ಣನ ಹೆಂಡತಿ, ಮತ್ತು ಒಳ್ಳೆಯ ನೋಟ ಸಿಗುತ್ತದೆಂದು ಎದುರಿನ ಗೋಡೆ ಹತ್ತಿ ಕೂತಿದ್ದ ಅತ್ತೆ.

ಸಾಹೇಬರು ಬೆವರು ಒರೆಸಿಕೊಳ್ಳುತ್ತ ಶುರುಮಾಡಿದರು, “ಇದು ತಾತ್ಕಾಲಿಕ ಕಡತ ಮೇಡಂ. ಮೂಲ ಕಡತ ಕಳೆದುಹೋಗಿದೆ. ಅದರ ಹೊಣೆ ದಾಖಲೆ ಕೋಣೆಯವರದು, ಹಾಗಾಗಿ ಇವರ ನಿವೃತ್ತಿ ಪತ್ರ ತಡೆಹಿಡಿದು...”

ಆಗ ಉಲ್ಲೇಖಣ್ಣ ಗೆರೆ ದಾಟಿದ.

“ಗೆರೆ, ಗೆರೆ” ಎಂದು ಮೇಲ್ವಿಚಾರಕರು ಪಿಸುಗುಟ್ಟಿದರು. ಅವನು ಮೆಟ್ಟಿಲ ಮೇಲೆ, ಗಿಡದ ಪಕ್ಕ ನಿಂತು ಎಲ್ಲರ ಕಡೆ ತಿರುಗಿದ. ಮುಖ ಸುಣ್ಣದ ಗೆರೆಗಿಂತ ಬೆಳ್ಳಗಿತ್ತು.

“ವಿಷಯ...” ಎಂದ. ನಿಲ್ಲಿಸಿದ. “ವಿಷಯ ಇಷ್ಟೇ ಮೇಡಂ. ಅಂಥ ಕಡತ ಇಲ್ಲ. ಯಾವತ್ತೂ ಇರಲಿಲ್ಲ. ಹದಿನೇಳು ಅನ್ನೋದು ನಮ್ಮನೆ ನಂಬರು. ಗಿಡ ಕೀಳಬೇಡಿ ಅಂತ ಪಕ್ಕದ ಮನೆಯವರಿಗೆ ಬಾಯಿಬಿಟ್ಟು ಹೇಳೋಕೆ ನನಗೆ ಧೈರ್ಯ ಸಾಲದೆ ಹಲಗೆ ಬರೆದೆ. ಅಕ್ಕ ಏನೂ ಕಳೆದಿಲ್ಲ. ಮೂರು ವಾರದಿಂದ ಅವರು ಏಣಿ ಹತ್ತಿದ್ದಾರೆ, ನಾನು ಹಿಡ್ಕೊಂಡು ಸುಮ್ಮನೆ ನಿಂತಿದ್ದೆ.”

“ಉಲ್ಲೇಖ?” ಎಂದರು ಮೇಲ್ವಿಚಾರಕರು, ಅಭ್ಯಾಸಬಲದಿಂದ.

“ಇದಕ್ಕೆ ಉಲ್ಲೇಖ ಇಲ್ಲ” ಎಂದ ಉಲ್ಲೇಖಣ್ಣ.

ದೊಡ್ಡ ಮೇಡಂ ಕಡತದ ಮೊದಲ ಪುಟ ತೆರೆದು, ಕೊನೆಯ ಸಾಲಿನವರೆಗೂ ಓದಿದರು. ಆಮೇಲೆ ತಲೆಯೆತ್ತಿದರು.

“ಇಷ್ಟನ್ನೂ ಇವರು ಆಗಲೇ ಬರೆದು ಕೊಟ್ಟಿದ್ದಾರಲ್ಲ. ಕೆಳಗೆ ‘ನೋಡಿದೆ’ ಅಂತ ತಮ್ಮ ಸಹಿ ಇದೆ.”

“ನೋಡಿದ್ದೆ ಮೇಡಂ” ಎಂದರು ಸಾಹೇಬರು ಸಣ್ಣ ದನಿಯಲ್ಲಿ. “ಓದಿರಲಿಲ್ಲ.”

“ಸರಿ. ಇಲ್ಲದ ಕಡತ ಕಳೆಯೋಕಾಗಲ್ಲ. ಆಯಮ್ಮನ ಕಾಗದ ತನ್ನಿ.” ಅಕ್ಕ ಅದನ್ನೂ ಸರಳಿನ ಸಂದಿಯಿಂದ ಚಾಚಿದರು. ಮೇಜು ಒಳಗಿತ್ತು. ಮೇಲ್ವಿಚಾರಕರು ತಾವಾಗಿ ಬಗ್ಗಿದರು. ಅವರ ಬೆನ್ನಿನ ಮೇಲೆ ಕಾಗದ ಇಟ್ಟು ಸಾಹೇಬರು ನಡುಗದೆ ಸಹಿ ಹಾಕಿದರು. ಮೇಡಂ ಮುಂದುವರಿಸಿದರು, “ಇನ್ನು ಈ ಮನುಷ್ಯ. ಇವರಿಗೆ ಶಿಕ್ಷೆ ಬರೆಯಬೇಕು ಅಂದ್ರೆ ಉಲ್ಲೇಖ ಹಾಕಬೇಕು. ಹಾಕೋಕೆ ಕಡತ ಇಲ್ಲ. ಅದಕ್ಕೆ ಬಾಯಲ್ಲೇ ಹೇಳ್ತೀನಿ. ನಾಳೆಯಿಂದ ದಾಖಲೆ ಕೋಣೆ ಇವರದು. ಅಲ್ಲಿರೋ ಒಂದೊಂದು ಕಾಗದಾನೂ ಪೂರ್ತಿ ಓದಬೇಕು, ಬರೆದವರಿಗೆ ಹೋಗಿ ಬಾಯಲ್ಲಿ ಉತ್ತರ ಹೇಳಬೇಕು. ಮೊದಲು ಆ ಇನ್ನೊಂದು ಬಾಗಿಲಿನ ಪತ್ರ.”

ಆಮೇಲೆ ಅವರು ಛತ್ರಿ ಊರಿ, ಮೆಟ್ಟಿಲ ಬಳಿ ಬಾಗಿ, ಹೂವು ಮೂಸಿದರು. ಹುಬ್ಬು ಮೇಲೇರಿತು. ಮತ್ತೆ ಮೂಸಿದರು. “ಎಲ್ಲಿ ಹೋಯ್ತು?” ಎಂದು ಸುತ್ತ ನೋಡಿದರು, ಯಾರೋ ಎತ್ತಿಕೊಂಡಂತೆ. ಒಬ್ಬರ ಹಿಂದೊಬ್ಬರು ಬಂದು ಮೂಸಿದರು. ಸಾಹೇಬರಿಗೆ ಸಿಕ್ಕಿತು. ಮೇಲ್ವಿಚಾರಕರಿಗೆ ಎರಡು ಸಲ ಬಗ್ಗಿದರೂ ಸಿಗಲಿಲ್ಲ, ಮೂರನೆಯ ಸಲ ಬಗ್ಗದೆ ಸುಮ್ಮನೆ ನಿಂತಾಗ ಸಿಕ್ಕಿತು. ಬಹುಮಾನದವರು, “ಇದು ನಮ್ಮ ಬೀದಿಯ ಹೂವು” ಎಂದು ಎಲ್ಲರ ಬಳಿಯೂ ಹೇಳಿಕೊಂಡು ಓಡಾಡಿದರು. ಅತ್ತೆ ಗೋಡೆಯ ಮೇಲಿಂದ, “ನನಗೂ ಒಂದು ತನ್ನಿ, ನಾನು ಇಳಿಯೋದಿಲ್ಲ” ಎಂದು ಕೂಗಿದರು.

ಮಧ್ಯಾಹ್ನ ಎರಡೂವರೆಗೆ ತಪಾಸಣೆ ಮುಗಿಯಿತು. ಎಲ್ಲರೂ ಮೇಡಂ ಜೊತೆ ಊಟಕ್ಕೆ ಹೊರಟರು. ಉಲ್ಲೇಖಣ್ಣ ಹೋಗಲಿಲ್ಲ. ದಾಖಲೆ ಕೋಣೆಯ ಏಣಿಯ ಕೆಳಗಿನ ಮೆಟ್ಟಿಲ ಮೇಲೆ ತಲೆ ತಗ್ಗಿಸಿ ಕೂತಿದ್ದ. ದಾಖಲೆ ಅಕ್ಕ ಬೀಗದ ಕೈಗಳನ್ನು ಒಂದೊಂದಾಗಿ ಬಿಡಿಸಿ ಮೇಜಿನ ಮೇಲಿಡುತ್ತಿದ್ದರು.

“ಅಕ್ಕಾ, ಒಂದು ಮಾತು...”

“ನೀರು ಬೇಡ” ಎಂದರು ಅವರು.

“ಅದಲ್ಲ. ಕ್ಷಮಿಸಿ ಅಂತ ಹೇಳಬೇಕಿತ್ತು.”

ಅಕ್ಕ ಕನ್ನಡಕ ತೆಗೆದು ಒರೆಸಿದರು. “ನಿಮ್ಮ ಪತ್ರ ನಾನು ಅವತ್ತೇ ಓದಿದ್ದೆ.”

ಉಲ್ಲೇಖಣ್ಣ ತಲೆಯೆತ್ತಿದ.

“ಇಲ್ಲಿ ಬರೋದನ್ನೆಲ್ಲ ಓದೋಳು ನಾನೊಬ್ಬಳೇ. ಬೇರೆ ಏನಿದೆ ಇಲ್ಲಿ ಮಾಡೋಕೆ? ಮೇಲೆ ಧೂಳು ಹೊಡೆಯೋದು ಹೇಗೂ ಬಾಕಿ ಇತ್ತು, ಮುಗಿಸ್ತಾ ಇದ್ದೆ. ನೀವು ಇವತ್ತು ಯಾವಾಗ ಹೇಳ್ತೀರೋ, ಇವತ್ತು ಯಾವಾಗ ಹೇಳ್ತೀರೋ ಅಂತ.”

“ನಾನು ಹೇಳದೇ ಇದ್ದಿದ್ರೆ?”

“ಹನ್ನೊಂದು ಗಂಟೆವರೆಗೂ ನೋಡಿ ನಾನೇ ಕಿಟಕಿಯಿಂದ ಕೂಗಿ ಹೇಳ್ತಿದ್ದೆ. ಆದರೆ ಹಂಗಾಗಿದ್ರೆ ನೀವು ಸಿಕ್ಕಿಬಿದ್ದವರಾಗ್ತಿದ್ರಿ. ಈಗ ಹೇಳಿದವರಾದ್ರಿ.”

ಬೆಳಗಿನಿಂದ ಹೊಟ್ಟೆಗೆ ಏನೂ ಬಿದ್ದಿರಲಿಲ್ಲವೆಂಬುದು ಆಗ ಅವನ ಗಮನಕ್ಕೆ ಬಂತು. ಅಕ್ಕನ ಗಮನಕ್ಕೆ ಮೊದಲೇ ಬಂದಿತ್ತು.

ಅವರು ಮೇಜಿನ ಮೇಲೆ ಹಳೆಯ ಕಾಗದವೊಂದನ್ನು ಹಾಸಿದರು. ಊರಿಗೆ ಕಟ್ಟಿದ ಚೀಲದ ಬಾಯಿ ಬಿಚ್ಚಿ, ರೈಲಿಗೆಂದು ತಂದಿದ್ದ ಊಟದ ಡಬ್ಬಿ ತೆಗೆದರು. ಡಬ್ಬಿಯ ಎರಡು ಬಟ್ಟಲುಗಳಲ್ಲಿ ಹೆಚ್ಚು ತುಂಬಿದ್ದನ್ನು ಅವನ ಮುಂದೆ ಸರಿಸಿ, ಕೈಗೆ ಚಮಚ ಕೊಟ್ಟರು. ಆಮೇಲೆ ಅವನಿಗೆ ಸಂಕೋಚವಾಗದಿರಲೆಂದು ಕಪಾಟಿನ ಕಡೆ ಮುಖ ತಿರುಗಿಸಿ ಕೂತು, ಕಟ್ಟಿದ್ದ ಕಡತಗಳ ದಾರವನ್ನೇ ಮತ್ತೊಮ್ಮೆ ಬಿಗಿಯತೊಡಗಿದರು.